ವಲ್ಲಿಯ ಕೆಳಗ

ನಮ್ಮಪ್ಪ ಸಂತಿಯೊಳಗ ದನದ ದಲ್ಲಾಳಿ.
ಬಾಯಿಲೆ ಭಾವ ಹೇಳಿದವನಲ್ಲ ಎಂದೂ;
ಕೊಳ್ಳಾವನ ಕೈ ಹಿಡಿದು, ಮ್ಯಾಲ ವಲ್ಲಿ ಹೊದಿಸಿ
ಬೆರಳು ಒತ್ತಿದರ ಮುಗೀತು.
ಸುತ್ತ ನಿಂತ ಹತ್ತು ಮಂದಿಗೆ ಕಾಣೂದು
ಮಾಸಿದ ಬಟ್ಟಿಯ ಅಲುಗಾಟ ಅಷ್ಟೇ.

"ಬೇಕಾದ ಹೋರಿ ಕಡಿ ನೋಡಬಾರದವ್ವ," ಅಂತಿದ್ದ,
"ಬಾಜೂಕಿನದರ ಕೊಂಬು ನೋಡಬೇಕು.
ಕಣ್ಣು ನಿಂತಲ್ಲಿ ಭಾವ ಏರತದ."

ಯಾದಗಿರಿ ಸ್ಟೇಷನ್ ರೋಡಿನ ಹಿಂದ
ಹಿಟ್ಟಿನ ಗಿರಣಿ ಗ್ವಾಡಿಗೆ ಅಂಟಿ ನನ್ನ ಹೊಲಿಗಿ ಅಂಗಡಿ.
ಹನ್ನೊಂದು ವರ್ಷ ತುಳಿದು
ಬಲ ಮೊಣಕಾಲು ಮಾತಾಡಲಾಕ ಹತ್ಯದ.
ಮಷೀನಿಗೊಂದು ಮೋಟರ್ ಹಚ್ಚಬೇಕಂತ
ಒಡಕು ಗಾಜಿನ ಫೋನಿನೊಳಗ ಹುಡುಕಿದೆ.
ಸಾವಿರದ ಎಂಟುನೂರಾ ನಲವತ್ತೊಂಬತ್ತು.
ಸಂಜಿಗೆ ನೋಡಿದೆ. ಮರುದಿನ ಚಾ ಕುಡೀತ ನೋಡಿದೆ.
ಗುರುವಾರ ಸಾವಿರದ ಒಂಬೈನೂರಾ ತೊಂಬತ್ತು.
ಮೋಟರ್ ಅದೇ. ಕಪ್ಪು ಬಣ್ಣ, ಎಡಕ್ಕೊಂದು ಸ್ಕ್ರೂ.
ಹೊಸದೇನಿತ್ತು? ನಾನು ನಿಂತು ನೋಡಿದ್ದು.

ಬ್ಯಾಂಕಿನ ಮೇಡಂ ಬಂದಿದ್ರು ಅವತ್ತು,
ರವಿಕಿ ತೋಳು ಬಿಗಿ ಆಗ್ಯಾವಂತ. ಬಿಚ್ಚಿ ಹೊಲಿಯೂತನಕ
ಸ್ಟೂಲಿನ ಮ್ಯಾಲ ಕುಂತು ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ತೆರೆದರು.
"ಇದನ್ನೊಂದೀಟು ನಿಮ್ಮದರಾಗ ನೋಡ್ರಿ ಮೇಡಂ" ಅಂದೆ.
ಎರಡು ಸಾವಿರದ ಇನ್ನೂರು, ಒಂದು ರೂಪಾಯಿ ಕಮ್ಮಿ.
ಫೋನು, ಲ್ಯಾಪ್‌ಟಾಪು ಬಾಜೂಬಾಜು ಇಟ್ಟು ನೋಡಿದಿವಿ
ಅವಳಿ ಕೂಸುಗಳ ಮಾರಿ ನೋಡಿದಂಗ.
ಅದೇ ಕಂಪನಿ, ಅದೇ ಡಬ್ಬಿ, ಅದೇ ನಾಕೂವರಿ ಚುಕ್ಕಿ.

ಮೇಡಂ ನಕ್ಕರು, ಆಮ್ಯಾಲ ಸಿಟ್ಟಾದರು.
"ಕಂಪ್ಯೂಟರ್ ನೋಡಿ ನನ್ನ ಪಗಾರ ಅಳೀತದೇನು ಇದು?
ಯಾರು ಕೊಟ್ಟರು ಇದರ ಕೈಗೆ ಟೇಪು?"

ಟೇಪು ನನ್ನ ಕೊರಳಾಗಿತ್ತು.
ಸೂಜಿಗೆ ದಾರ ಪೋಣಿಸೂ ಹೊತ್ತಿನ್ಯಾಗ ಕೇಳಿದ್ರು:
"ಖರೇ ಹೇಳು ಬಸಲಿಂಗಮ್ಮ, ಇಂಥಾದೇ ರವಿಕಿಗೆ
ಬ್ಯಾರೆಯವರ ಹತ್ರ ಎಷ್ಟು ತೊಗೋತಿ?"

ದಾರ ತಪ್ಪಿತು.
ಅವರಿಗೆ ನಾನೂರಾ ಐವತ್ತು.
ಆಸ್ಪತ್ರಿ ಕಸ ಹೊಡಿಯೂ ಚಂದಮ್ಮಗ ಇನ್ನೂರು, ಅದೂ ಎರಡು ಕಂತು.
ಸ್ಕೂಟಿ ನಿಂತ ಸಪ್ಪಳಕ್ಕೇ ನನ್ನ ನಾಲಿಗಿ ಲೆಕ್ಕ ಕೂಡಿಸಿಬಿಡತದ;
ಚಪ್ಪಲಿ ನೋಡತೀನಿ, ಬಳಿ ನೋಡತೀನಿ,
ಸೆರಗಿಗೆ ಪಿನ್ನು ಹಾಕಿದ ಪರಿ ನೋಡತೀನಿ.
"ರೇಷ್ಮಿಗೆ ಬ್ಯಾರೆ ರೇಟು ಮೇಡಂ, ಅಸ್ತರು ಬ್ಯಾರೆ" ಅಂದೆ.
ಸುಳ್ಳಲ್ಲ. ಪೂರಾ ಖರೇನೂ ಅಲ್ಲ.

ಅವರು ಸುಮ್ಮನ ನೋಡಿದ್ರು.
ನನ್ನ ಮಾರಿ ಇತ್ತಲ್ಲ, ನೋಡಲಾಕ.
"ಐವತ್ತು ಬಿಡು" ಅಂದ್ರು. ಬಿಟ್ಟೆ.

ರಾತ್ರಿ ಫೋನಿಗೂ ಹಂಗೇ ಅಂದು ನೋಡಿದೆ:
ಐವತ್ತು ಬಿಡೋ ತಮ್ಮಾ.
ಇನ್ನು ಎರಡೇ ಉಳಿದಾವ ಅಂತು ಅದು, ಕೆಂಪು ಅಕ್ಷರದಾಗ.

ಅಪ್ಪಗ ಈಗ ಕಿವಿ ಮಂದ.
ಕಟ್ಟಿ ಮ್ಯಾಲ ಕುಂತು ಬೆಳ್ಳುಳ್ಳಿ ಸುಲಿಯುತ್ತಿದ್ದ.
ಚೀರಿ ಹೇಳೂದ್ಯಾಕಂತ ಅವನ ಹೆಗಲಿನ ವಲ್ಲಿ ಹೊದಿಸಿ
ಕೈಯಾಗ ಕೈ ಇಟ್ಟು ಒತ್ತಿದೆ.
ಮೊದಲು ನನ್ನ ಭಾವ. ತಡೆದು, ಮೇಡಂ ಅವರದು.
ಬೆರಳು ಎಚ್ಚೆತ್ತವು, ಬೆಳ್ಳುಳ್ಳಿ ಘಾಟಿನ ಸಮೇತ;
ಇಳಿಸಿದ, ಮತ್ತ ಇಳಿಸಿದ,
ನನ್ನ ಕಿರುಬೆರಳು ನೋಯೂವಂಗ ಹಿಡಿದು ಇನ್ನೊಂದೀಟು ಇಳಿಸಿದ.
ಆಮ್ಯಾಲ ಕೇಳಿದ:
"ಎದುರಿನಾಂವ ಯಾವೂರಾಂವ?"

ವಲ್ಲಿ ಕೆಳಗ ನಾನು ಕೈ ಬಿಡಲಿಲ್ಲ.
ಹೇಳಲಾಕ ಯಾವ ಊರೂ ಬರಲಿಲ್ಲ.

ಈಗ ದಿನಾ ಮುಂಜಾನೆ ಫೋನಿನೊಳಗ
ಸೈಕಲ್ ಪಂಪು ನೋಡತೀನಿ, ಮೀನು ಸಾಕೂ ಗಾಜಿನ ಡಬ್ಬಿ,
ಗಂಡಸರ ಕರೀ ಕನ್ನಡಕ, ಒಂದಿನ ಗಿಟಾರು ಸುದ್ದಾ.
ಮೋಟರಿನ ಕಡಿ ಕಣ್ಣೆತ್ತೂದಿಲ್ಲ.
ಕಾಲು ತುಳೀತದ.
ಚಂದಮ್ಮನ ರವಿಕಿಗೆ ಹುಕ್ಕು ಹಚ್ಚೂದು ಬಾಕಿ ಅದ.