ಕಾಟಾದ ಮೇಲೊಂದು ಟೆಂಟು

ಕಾಟ ಅಂದರೆ ನಿಮ್ಮೂರಲ್ಲಿ ಉಪದ್ರವ.
ನಮ್ಮ ಆದೋನಿಯಲ್ಲಿ ಬಾಲ ಎಳೆದು ಕಾಟಾ ಅಂದರೆ
ಲಾರಿ ತೂಗುವ ತಕ್ಕಡಿ.
ನಾನು ಅದನ್ನು ನಡೆಸುವವಳು.
ಎರಡೂ ಅರ್ಥದಲ್ಲಿ, ಅನ್ನುತ್ತಾನೆ ಗಾದಿಲಿಂಗ.

ಇವತ್ತು ಬೊಲೆರೊ ನೆತ್ತಿಯ ಮೇಲೆ ಹೊತ್ತು ತಂದಿದ್ದಾನೆ
ಬಳ್ಳಾರಿಯ ಗಣಿ ಇಂಜಿನಿಯರು
ವರ್ಗವಾಗಿ ಹೋಗುತ್ತ ಮಾರುತ್ತಿರುವ ಬೂದು ಪೆಟ್ಟಿಗೆ.
ಎಳೆದರೆ ಬಿಚ್ಚಿಕೊಳ್ಳುತ್ತದೆ, ಏಣಿ ಇಳಿಯುತ್ತದೆ,
ಒಳಗೆ ಇಬ್ಬರಿಗೆ ಹಾಸಿಗೆ, ಸೊಳ್ಳೆಪರದೆ,
ಚುಕ್ಕಿ ನೋಡಲು ಒಂದು ಕಿಂಡಿ.
ಮೂವತ್ತೆಂಟು ಸಾವಿರ. ನೋಡಿ ಹೇಳಿ, ಬೇಡವಾದರೆ ವಾಪಸು.

ನೋಡುವುದೇನು, ತೂಗೋಣ ಅಂದೆ.

ಬರೀ ಗಾಡಿ ಸಾವಿರದ ಆರುನೂರ ನಲವತ್ತು,
ಹೋದ ತಿಂಗಳ ಚೀಟಿ ಇದೆ.
ಟೆಂಟು, ಅದರ ಕೆಳಗಿನ ಕಬ್ಬಿಣದ ಚೌಕಟ್ಟು ಸೇರಿ
ಸಾವಿರದ ಏಳುನೂರ ಇಪ್ಪತ್ತು.
ಎರಡು ಚೀಲ ಶೇಂಗಾ ಹೊತ್ತು ತಿರುಗಿದಂತೆ,
ಮಾರುವುದಕ್ಕಲ್ಲ, ಮಲಗುವುದಕ್ಕೆ.

ನಟ್ಟು ಬಿಗಿಯುತ್ತಿದ್ದ ಹೊನ್ನೂರ್‌ವಲಿ ಅಂದ:
ನಿಂತಾಗ ಮುನ್ನೂರು ಹೊರುತ್ತೆ ಅಕ್ಕಾ, ಓಡುವಾಗ ನೂರೇ.
ನನ್ನದು ತಿರುಗಮುರುಗ.
ಓಡಾಡುವಾಗ ಎಷ್ಟಾದರೂ ಹೊತ್ತೇನು,
ಕೂತರೆ ಮಂಡಿ ಹಿಡಿಯುತ್ತದೆ.

ಚೇಳು ಹತ್ತುವುದಿಲ್ಲ, ಹಾವು ಹತ್ತುವುದಿಲ್ಲ,
ತುಂಗಭದ್ರೆ ದಂಡೆ, ಗಂಡಿಕೋಟದ ಅಂಚು,
ಎಲ್ಲಿ ನಿಂತೆವೋ ಅಲ್ಲೇ ಮನೆ, ಅಂದ ಗಾದಿಲಿಂಗ.
ನಡುರಾತ್ರಿ ಒಂದಕ್ಕೆ ಏಳಬೇಕಾದರೆ ಈ ಏಣಿ? ಅಂದೆ.
ಬೆಳಿಗ್ಗೆ ಅರ್ಧ ಲೀಟರ್ ಹಾಲು ತರಲು
ಮನೆಯನ್ನೇ ಮಡಚಿ ಹೊರಡಬೇಕು, ಅಂದೆ.
ಡೀಸೆಲ್ಲಿನ ಲೆಕ್ಕ ಬೇರೆ.
ಬೇಸಿಗೆಯಲ್ಲಿ ಇಡೀ ಊರು ಮಾಳಿಗೆ ಮೇಲೆ ಮಲಗುತ್ತದೆ,
ಒಂದು ಚಾಪೆಯ ಖರ್ಚಿನಲ್ಲಿ.

ಮಾಳಿಗೆ ಎಲ್ಲಿಗೂ ಹೋಗೋದಿಲ್ಲಲ್ಲ, ಅಂದ.

ಅದಕ್ಕೆ ಉತ್ತರ ಹುಡುಕುತ್ತ ಏಣಿ ಹತ್ತಿದೆ.
ಬರೀ ನೋಡಲಿಕ್ಕೆ.
ಒಳಗೆ ಯಾರದೋ ತಲೆಯೆಣ್ಣೆ ವಾಸನೆ,
ಮೂಲೆಯಲ್ಲಿ ಒಂದು ಶೇಂಗಾ ಸಿಪ್ಪೆ.
ಬೆನ್ನು ಚಾಚಿದೆ.

ಏಳು ವರ್ಷದವಳಿದ್ದಾಗ ಅಪ್ಪನ ಹತ್ತಿಗಾಡಿಯ ಮೇಲೆ
ಹೀಗೇ ಮಲಗಿ ಬಂದಿದ್ದೆ ಮಾರ್ಕೆಟ್ ಯಾರ್ಡಿಗೆ.
ಸರದಿ ಬರುವಷ್ಟರಲ್ಲಿ ಗಾಢ ನಿದ್ದೆ.
ತುಂಬಿದ ಗಾಡಿ ನನ್ನ ಸಮೇತ ಕಾಟಾ ಹತ್ತಿತು.
ಖಾಲಿ ಗಾಡಿ ತೂಗುವ ಹೊತ್ತಿಗೆ
ನಾನು ನಳದಲ್ಲಿ ಮುಖ ತೊಳೆಯುತ್ತಿದ್ದೆ.
ಹದಿನಾರು ಕಿಲೋ ಹುಡುಗಿ, ಹತ್ತಿಯ ದರಕ್ಕೆ.
ನನ್ನ ತೂಕಕ್ಕೆ ಬೆಲೆ ಕಟ್ಟಿದವನು
ಇಲ್ಲಿಯವರೆಗೆ ಆ ದಲಾಲಿ ಒಬ್ಬನೇ.
ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ.
ಆವತ್ತು ಮಾತ್ರ ಒಂದು ಪ್ಲೇಟು ಮಿರ್ಚಿಯ ಬದಲು
ಎರಡು ಹೇಳಿದ.
ನಾನಾಗಿ ಯಾವತ್ತೂ ಕೇಳಲಿಲ್ಲ.
ಈ ಕಾಟಾ ಹಿಡಿದಾಗಿನಿಂದ
ಗಾಡಿಯ ಮೇಲೆ ಯಾರಾದರೂ ಮಲಗಿದ್ದಾರೆಯೇ ಎಂದು
ಎರಡು ಸಲ ಕಣ್ಣು ಹಾಯಿಸುತ್ತೇನೆ, ಅಷ್ಟೆ.

ಸಾವಿರದ ಏಳುನೂರ ಎಂಬತ್ತೈದು! ಗಾದಿಲಿಂಗ ಕೂಗಿದ ಕೋಣೆಯಿಂದ.
ಮೆತ್ತಗೆ ಹೇಳೋ ಮಾರಾಯ,
ಹೊನ್ನೂರ್‌ವಲಿಗೆ ಕಳೆಯುವ ಲೆಕ್ಕ ಬರುತ್ತದೆ.

ಹಿಂದೆ ಎಮ್ಮಿಗನೂರಿನ ಲಾರಿ ಹಾರ್ನು ಹೊಡೆಯುತ್ತಿದೆ.
ಅಕ್ಕಾ, ಕಾಟಾ ಖಾಲಿ ಮಾಡ್ರೀ!
ಬೇಡ ಅನ್ನುವುದಕ್ಕೆ ಇದ್ದ ಕಾರಣಗಳೆಲ್ಲ
ಕೆಳಗೆ, ಆ ಲಾರಿಯ ಪಕ್ಕದಲ್ಲೇ ಸಾಲು ನಿಂತಿವೆ.
ಎರಡು ನಿಮಿಷ ಅಣ್ಣಾ, ಅಂದು
ಇನ್ನೊಂದು ಮಗ್ಗುಲಿಗೆ ಹೊರಳಿದೆ.
ಪರದೆಯಾಚೆ ಬೋರ್ಡಿನ ಕೆಂಪು ಅಂಕಿ
ಒಂದು ಗಳಿಗೆ ತೊನೆದಾಡಿ
ಮತ್ತೆ ಅಲ್ಲಿಗೇ ಬಂದು ನಿಂತಿತು.