ಒಂಬತ್ತರ ಬೆನ್ನು

ಆಟದಲ್ಲಿ ಅವಳ ಮುಖ ನಾನು ಕಂಡವಳಲ್ಲ.
ಕಂಡದ್ದು ಬೆನ್ನು. ಬೆನ್ನ ಮೇಲೊಂದು ಒಂಬತ್ತು,
ಅದರ ಬಾಲ ಕಿತ್ತುಹೋಗಿ, ಬೆವರಿಗೆ ಅಂಟಿ
ದೂರದಿಂದ ಸೊನ್ನೆಯಂತೆ ಕಾಣುತ್ತಿತ್ತು.
ನಾನು ಹತ್ತು. ಏಳು ಮಾರು ಹಿಂದೆ, ಓರೆಯಾಗಿ ನಿಂತು
ಬರುವುದಕ್ಕೆ ಕೈಚಾಚುವುದಷ್ಟೇ ನನ್ನ ಪಾಲು.

ದಾವಣಗೆರೆಯ ಹೈಸ್ಕೂಲ್ ಮೈದಾನದ ನೆಲ ಗೊತ್ತಲ್ಲ,
ಬಿದ್ದರೆ ಮೊಣಕೈಯ ತೊಗಲು ಅದಕ್ಕೇ ಬಿಟ್ಟು ಏಳಬೇಕು.
ಅಲ್ಲಿ ಎಂಟು ಜನ ನಮ್ಮವರು, ಎಂಟು ಜನ ದುರ್ಗದವರು
ಹೆಗಲಿಗೆ ಹೆಗಲು ಕೊಟ್ಟು, ತಲೆ ತೂರಿಸಿ,
ಹೂತ ಗಾಡಿ ಎತ್ತುವವರ ಹಾಗೆ ಬುಸುಗುಡುವಾಗ
ಮುಬೀನಾ ಪಕ್ಕದಲ್ಲಿ ಬಗ್ಗಿ
ಚೆಂಡು ಉರುಳಿಸುತ್ತಾಳೆ, ಸುತ್ತಿ ಬರುತ್ತಾಳೆ,
ಕೊನೆಯ ಕಾಲುಗಳ ಹಿಂದೆ ಕೂರುತ್ತಾಳೆ,
ಕೋಳಿ ಮೊಟ್ಟೆಯಿಡುವುದನ್ನೇ ಕಾದವಳಂತೆ.

ಐದಡಿಯೂ ಇಲ್ಲ. ಆಯ್ಕೆಯ ದಿನ ತಿಪ್ಪೇರುದ್ರಪ್ಪ ಮೇಷ್ಟ್ರು
"ಗಾಳಿ ಬಂದ್ರೆ ಹಾರ್ತೀಯ, ಮನೆಗೆ ಹೋಗವ್ವ" ಅಂದಿದ್ದರು.
ಅವಳು ಹೋಗಲಿಲ್ಲ. ಬಾಯಿ ತೆರೆದಳು.

ಆ ಬಾಯಿ!
"ಹಾಲಮ್ಮಾ, ಸೊಂಟ ಇಳ್ಸು! ಎಡಕ್ಕೆ, ಎಡಕ್ಕೆ ಅಂದ್ನಲ್ಲೇ!
ದುಗ್ಗೀ, ಎದ್ದೇಳು, ನಿಮ್ಮತ್ತೆ ಮನಿ ಅಲ್ಲ ಇದು!"
ಎಂಬತ್ತು ಕೆಜಿಯ ಹುಡುಗಿಯರು, ಗರಡಿಯವರ ಮೊಮ್ಮಕ್ಕಳು,
ಬೈಸಿಕೊಂಡು, ತುಟಿಪಿಟಕ್ಕೆನ್ನದೆ ಬಗ್ಗುತ್ತಿದ್ದರು.
ದುರ್ಗದ ಒಂಬತ್ತು ಕೂಡ ಅದನ್ನೇ ಕೇಳಿ ಕೇಳಿ ತಲೆಕೆಟ್ಟು
ಒಮ್ಮೆ ನಮ್ಮ ಕಡೆಗೇ ಚೆಂಡು ಎಸೆದಳು.

ಒಳ್ಳೆಯ ಒಂಬತ್ತು ಅಂದರೆ ಏನು ಅಂತ ಕೇಳುತ್ತೀರಿ.
ವೇಗ ಅನ್ನುತ್ತಾರೆ. ಇರಬಹುದು.
ಒಂದು ಸಂಜೆ ಅವರಪ್ಪನ ಮಂಡಕ್ಕಿ ಭಟ್ಟಿಗೆ ಹೋಗಿದ್ದೆ.
ಗೋಡೆ ಮಸಿ, ಸೂರು ಮಸಿ, ಹೊಗೆಯೊಳಗೆ ಬಲ್ಬು
ಒಂದು ಹಣ್ಣು ನಿಂಬೆ. ಬಾಣಲೆಯಲ್ಲಿ ಮರಳು ಕಾಯುತ್ತಿತ್ತು.
ಅಕ್ಕಿಯ ಮೊರ ಹಿಡಿದು ಇವಳು ಸುಮ್ಮನೆ ನಿಂತಿದ್ದಳು.
"ಹಾಕೇ" ಅಂದೆ. ಹಾಕಲಿಲ್ಲ.
"ಈಗ ಹಾಕಿದ್ರೆ ಅರಳಲ್ಲ."
ಒಂದು ಉಸಿರು ಹೋಯಿತು.
"ಆಮೇಲೆ ಹಾಕಿದ್ರೆ ಕಪ್ಪು" ಅನ್ನುತ್ತಲೇ ಸುರಿದಳು.
ಬಾಣಲೆ ತುಂಬ ಉಕ್ಕಿತು ಬಿಳುಪು, ಜರಡಿಗೆ ಬಿತ್ತು, ಮುಗಿಯಿತು.
ಕಣ್ಣು ಮರಳಿನ ಮೇಲಿರಲಿಲ್ಲ. ಕಿವಿ ಇತ್ತು.

ಕಾಲುಗಳ ಹಿಂದೆ ಕೂತಾಗಲೂ ಅದೇ.
ರೆಫರಿ "ಆಡಿ, ಆಡಿ" ಅನ್ನುತ್ತಾನೆ, ಜನ ಕೂಗುತ್ತಾರೆ,
ನಾನೂ ಕೂಗುತ್ತೇನೆ. ಬೆರಳು ಚೆಂಡಿನ ಹತ್ತಿರವಿದ್ದೂ ಮುಟ್ಟುವುದಿಲ್ಲ.
ಎದುರು ಸಾಲಿನವಳೊಬ್ಬಳು ತಾಳಲಾರದೆ
ತಪ್ಪು ಕಡೆಗೊಂದು ಹೆಜ್ಜೆ ಇಡುತ್ತಾಳೆ, ಆಗ ಬರುತ್ತದೆ:
ನೆಲದಿಂದಲೇ, ಎದ್ದು ನಿಲ್ಲದೆ, ಬುಗುರಿಯಂತೆ ತಿರುಗುತ್ತ,
ನಾನಿರುವಲ್ಲಿಗಲ್ಲ,
ನಾನು ಓಡಿ ಮುಟ್ಟಬೇಕಾದಲ್ಲಿಗೆ,
ಎದೆಯೆತ್ತರಕ್ಕೆ.

ಕೆಟ್ಟ ಚೆಂಡು ಬಂದರೆ, ಜಾರಿದ್ದು, ಪುಟಿದದ್ದು, ಯಾರೋ ಒದ್ದದ್ದು,
ಅದನ್ನು ನನಗೆ ಕೊಡುತ್ತಿರಲಿಲ್ಲ.
ತಾನೇ ಅಪ್ಪಿಕೊಂಡು ನೆಲಕ್ಕೆ ಬೀಳುತ್ತಿದ್ದಳು.
ದುರ್ಗದ ಬಂಡೆಗಳು ಒಂದೊಂದಾಗಿ ಮೇಲೆ ಬೀಳುತ್ತಿದ್ದವು.
ಇದನ್ನು ಯಾರೂ ಲೆಕ್ಕ ಬರೆಯುವುದಿಲ್ಲ.
ಮೇಷ್ಟ್ರ ಪುಸ್ತಕದಲ್ಲಿ ಆ ದಿನಕ್ಕೆ ಇರುವುದು:
ಟ್ರೈ ಎರಡು, ಭುವನಾ. ಅದು ನಾನು.

ಮುಗಿದ ಮೇಲೆ ಟೀ ಲೋಟ ಹಿಡಿಯಲು ಅವಳ ಬೆರಳು ಮಡಿಚಲಿಲ್ಲ.
ಹಾಲಮ್ಮ ಕುಡಿಸಿದಳು, ಬೈಸಿಕೊಳ್ಳುತ್ತಲೇ.

ಈಗಿನ ಒಂಬತ್ತು ಚುರುಕು ಹುಡುಗಿ. ಚೆಂಡು ಬೇಗ ಬರುತ್ತದೆ,
ಮೊಣಕಾಲಿಗೆ ಬರುತ್ತದೆ. ಬಗ್ಗುತ್ತೇನೆ.
ತಂಡದ ಫೋಟೋದಲ್ಲಾದರೂ ಆ ಮುಖ ಸಿಕ್ಕೀತೆಂದು ನಿನ್ನೆ ಹುಡುಕಿದೆ.
ಮುಂದಿನ ಸಾಲು, ಎಡತುದಿ.
ತಲೆ ಹಿಂದಕ್ಕೆ ತಿರುಗಿಸಿ, ಯಾರಿಗೋ
ಸರಿಯಾಗಿ ನಿಲ್ಲಲು ಹೇಳುತ್ತಿದ್ದಾಳೆ.