ಗ್ರಿಮ್ಸ್‌ಬಿಯಲ್ಲಿ ಖಾತೆ ಬದಲಾವಣೆ

ಆರು ವರ್ಷದಲ್ಲಿ ನಾಲ್ಕು ಇಂಟರ್ನೆಟ್ ಕಂಪನಿ.
ಒಂದೊಂದನ್ನು ಬಿಟ್ಟಾಗಲೂ ನಂಬರು ವಾಪಸು ಕಿತ್ತುಕೊಂಡರು,
ಮನೆ ಖಾಲಿ ಮಾಡುವವಳ ಕೈಯಿಂದ ಬೀಗದ ಕೈ ಕಿತ್ತುಕೊಂಡಂತೆ.
ಆಮೇಲೆ ನಾನು ಹಡಗುಕಟ್ಟೆಗೆ ಹೋಗಬೇಕು,
ಹನ್ನೊಂದು ದೋಣಿ ಹತ್ತಿ ಇಳಿಯಬೇಕು,
ಏಡಿಯ ಬುಟ್ಟಿ ದಾಟಿ, ಒದ್ದೆ ಹಗ್ಗ ದಾಟಿ
ಪೆಟ್ಟಿಗೆ ಪೆಟ್ಟಿಗೆಗೂ ಹೊಸ ಅಂಕಿ ಒತ್ತಬೇಕು.
ಹೆಸರು ಹೇಳಿದರೆ ತಿಳಿಯದು ಆ ಹಳೇ ಪೆಟ್ಟಿಗೆಗೆ.
ಲಾಕ್ ಗೇಟಿನ ಬಳಿ ನೀರೆಷ್ಟು ಎಂದು
ಅದು ಕೇಳುವುದು ನನ್ನ ಮೇಜಿನಡಿಯ ಯಂತ್ರವನ್ನು.
‘ನಿನ್ನ ಮನೆ ಮತ್ತೆ ಓಡಿಹೋಯಿತೇ, ಸುಗುಣಾ?’
ಮುದುಕ ಎನೋಕ್ ಕೇಳಿದ, ಚಹಾಕ್ಕೆ ರಮ್ ಬೆರೆಸುತ್ತ.

ಹೊಸ ವಿಳಾಸ ಹುಟ್ಟುವ ಕಾಲ ಮುಗಿದಿದೆ.
ಕೊಳ್ಳಬೇಕು, ಸತ್ತವರದು.
ಶೆಫೀಲ್ಡಿನಲ್ಲೊಂದು ತಕ್ಕಡಿ ಕಂಪನಿ,
ಹ್ಯಾಲಮ್‌ಶಾ ಅಂಡ್ ಡಾಟರ್ಸ್, ಬಾಗಿಲು ಹಾಕಿತ್ತು.
ಕುರ್ಚಿ, ಲೇತು, ಕಾಫಿ ಯಂತ್ರದ ಜೊತೆ ಹರಾಜಿಗಿತ್ತು
ಇನ್ನೂರ ಐವತ್ತಾರು ನಂಬರಿನ ಒಂದೇ ಗಂಟು.
ನನಗೆ ಬೇಕಾದ್ದು ಒಂದು.
ಅದಕ್ಕಿಂತ ಸಣ್ಣ ತುಂಡಿಗೆ ಲೋಕದ ರೂಟರುಗಳು ದಾರಿ ಬಿಡವು;
ಎಕರೆಗಿದೆ ರಸ್ತೆ, ಗುಂಟೆಗಿಲ್ಲ.
ಕಾರು ಮಾರಿದೆ.
ಆಮ್ಸ್ಟರ್‌ಡ್ಯಾಮಿನ ಕಚೇರಿ ಪಾಸ್‌ಪೋರ್ಟ್ ಕೇಳಿತು, ಸಹಿ ಕೇಳಿತು,
ಏಳು ವಾರದ ಮೇಲೆ ಖಾತೆ ನನ್ನ ಹೆಸರಿಗಾಯಿತು.

ಖಾತೆಯಾದರೆ ಆಯಿತೇ?
ಸರ್ವೆ ಇಲಾಖೆಯಲ್ಲಿದ್ದ ಅಪ್ಪ ಹೇಳುತ್ತಿದ್ದ:
ಪಹಣಿ ನಿನ್ನ ಪೆಟ್ಟಿಗೆಯಲ್ಲಿರುತ್ತೆ,
ಬಂಡಿಜಾಡು ಪಕ್ಕದವನ ಹೊಲದಲ್ಲಿರುತ್ತೆ.
ಯಾರ ಹಂಗೂ ಬೇಡವೆಂದು ಹೊರಟವಳು
ಇಬ್ಬರ ಬಾಗಿಲು ತಟ್ಟಿದೆ,
ಹಲ್‌ನಲ್ಲೊಬ್ಬ, ಲೀಡ್ಸಿನಲ್ಲಿ ಗ್ವೆನ್‌ಲಿಯನ್.
ನನ್ನ ಪರವಾಗಿ ಡಂಗುರ ಹೊಡೆಯಿರಿ,
ಈ ಅಂಕಿಗೆ ಈ ದಾರಿ ಎಂದು.
ಒಬ್ಬರು ಮಲಗಿದರೆ ಇನ್ನೊಬ್ಬರು ಸಾರಲಿ.

ಮಂಗಳವಾರ ರಾತ್ರಿ ಹನ್ನೊಂದೂ ಕಾಲು.
ಗ್ವೆನ್‌ಲಿಯನ್ ಫೋನಿನಲ್ಲಿ ‘ಬಿಟ್ಟೆ’ ಎಂದಳು.
ಎರಡು ನಿಮಿಷವಾಗಿರಲಿಲ್ಲ,
ಫ್ರಾಂಕ್‌ಫರ್ಟ್ ನನ್ನನ್ನು ಕಂಡಿತು, ಸಿಂಗಪುರ ಕಂಡಿತು,
ನಾನೆಂದೂ ಕಾಲಿಡದ ಸ್ಯಾಂಟಿಯಾಗೋ
ಲಾಂಡ್ರಿ ಅಂಗಡಿಯ ಮೇಲಿನ ಈ ಕೋಣೆಗೆ
ದಾರಿ ಗೊತ್ತು ಎಂದಿತು.
ಕೆಳಗೆ ಯಾರದೋ ರಜಾಯಿ ಸುತ್ತುತ್ತಿತ್ತು, ದಡ್ ದಡ್.

ದೋಣಿಗಳಿಗಿಂತ ಮೊದಲೇ ಕದ ತಟ್ಟಿದವರಿದ್ದರು.
ಮುಕ್ಕಾಲು ಪಾಲು ಕಳ್ಳರು, ಅದು ಇದ್ದದ್ದೇ.
ಸರಿಯಾಗಿ ಹನ್ನೆರಡಕ್ಕೆ ಒಬ್ಬ ಮಾತ್ರ,
ಯಜಮಾನ ಸತ್ತದ್ದು ಗೊತ್ತಿಲ್ಲದ ಹಳೇ ಆಳಿನಂತೆ:
ಹ್ಯಾಲಮ್‌ಶಾ ತಕ್ಕಡಿ, ಸಂಖ್ಯೆ ೪೧೭, ತೂಕ ಸೊನ್ನೆ.
ಯಾವ ಗೋದಾಮೋ, ಯಾವ ಕತ್ತಲೋ.
ಮಾರನೇ ರಾತ್ರಿಯೂ, ಸೊನ್ನೆ.
ತಡೆಯಲು ಒಂದು ಸಾಲು ಸಾಕಿತ್ತು. ಬರೆದೆ. ಅಳಿಸಿದೆ.
ಉಳಿದವುಗಳಲ್ಲಿ ಒಂದು ನಂಬರು ಅದಕ್ಕೇ ಬಿಟ್ಟು
‘ತಲುಪಿತು’ ಎಂದಷ್ಟೇ ಹೇಳುವಂತೆ ಏರ್ಪಾಡು ಮಾಡಿದೆ.

ಎನೋಕ್ ಈಗ ಹವೆಯ ಬಗ್ಗೆ ಮಾತಾಡುತ್ತಾನೆ.

ನಿನ್ನೆ ರಾತ್ರಿ ತೂಕ: ನಾಲ್ಕು ಕಿಲೋ ಇನ್ನೂರು.
ಬೆಕ್ಕಿರಬೇಕು.